ಗಡ್ಡೆಯ ಹೊಲ ಮಾರಬೇಕಾ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿ, ತುಂಗಭದ್ರಾ ಹೊಳಿ ನಡುವಿನ ದ್ವೀಪ. ಎರಡು ಎಕರೆ ಹೊಲ ಐತಿ. ಅದರಾಗ ಒಂದು ಎಕರೆ ಹೊರಗಿನವರಿಗೆ ರೆಸಾರ್ಟ್ ಹಾಕಾಕ ಲೀಸಿಗೆ ಕೊಟ್ಟಿದ್ವಿ. ನಾನು ಅಲ್ಲೇ ಅಡಿಗಿಮನಿಯೊಳಗ ಕೆಲಸ ಮಾಡ್ತಿದ್ದೆ, ಎರಡು ಗಾಡಿ ಬಾಡಿಗಿಗೆ ಬಿಡ್ತಿದ್ದೆ. 2019ರಾಗ ಹೊಳಿ ಬಂತು. 2020ರಾಗ ಕೋರ್ಟ್ ಆದೇಶದ ಮ್ಯಾಲೆ ಎಲ್ಲಾ ಕೆಡವಿದ್ರು, ಅದರ ಹಿಂದೇ ಕೊರೊನಾ. ಆ ಎಕರೆ ಮತ್ತ ಭತ್ತಕ್ಕ ತಯಾರು ಮಾಡೀವಿ, ಆದ್ರ ಬುನಾದಿ ಕಲ್ಲು ಇನ್ನೂ ಸಿಗತಾವು. ತಮ್ಮ ಬೆಂಗಳೂರಾಗ ಅದಾನ. ಹೊಲ ಮಾರಿ ನೀವೂ ಬರ್ರಿ ಅಂತಾನ. ಅವ್ವ ಒಲ್ಲೆ ಅಂತಾಳ. ಬ್ಯಾರೆ ದೇಶದಾಗ ಇಂಥ ದ್ವೀಪದ ಮಂದಿ ಕಸುಬು ಹೋದಮ್ಯಾಲೆ, ನೀರೂ ಏರಿ ಬರಾಕ ಹತ್ತಿದಮ್ಯಾಲೆ ಏನು ಮಾಡ್ಯಾರ? ನಾವು ಏನು ಮಾಡಬೇಕು?

ಉತ್ತರ: ಹೊಲ ಮಾರಬೇಡಿ. ಕಾರಣ ಉದ್ದವಿದೆ, ಅರ್ಧಕ್ಕೇ ಓದಿ ಬಿಟ್ಟರೂ ನಿಮಗೆ ಉತ್ತರ ಸಿಕ್ಕಿರಲಿ ಎಂದು ಮೊದಲೇ ಹೇಳಿಬಿಟ್ಟೆ. ತಮ್ಮ ಬೆಂಗಳೂರಿಗೆ ಹೋದದ್ದು ತಪ್ಪಲ್ಲ, ಅವ್ವ ಒಲ್ಲೆ ಎನ್ನುವುದೂ ತಪ್ಪಲ್ಲ. ಗುಳೆ ಹೋಗುವುದು, ಹೊಲ ಉಳಿಸಿಕೊಳ್ಳುವುದು ಎರಡನ್ನೂ ಒಟ್ಟಿಗೆ ಮಾಡಿದ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ದ್ವೀಪಗಳಲ್ಲೂ ಇವೆ.

ನಾನು ಬಳ್ಳಾರಿಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ದ್ವೀಪ ಎಂದರೆ ಸುತ್ತಲೂ ನೀರಿರುವ ನೆಲ ಎಂದು ಹುಡುಗರಿಗೆ ವರ್ಷಗಟ್ಟಲೆ ಬರೆಸಿದೆ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಆ ವ್ಯಾಖ್ಯಾನ ಸಾಲದು ಅನ್ನಿಸಿತು. ಸಂಡೂರು, ಹೊಸಪೇಟೆ ಕಡೆ ಸಾಲ ತೆಗೆದು ಲಾರಿ ಕೊಂಡವರು, ಆ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದವರು, ರಸ್ತೆ ಬದಿ ಖಾನಾವಳಿ ಇಟ್ಟವರು, ಎಲ್ಲರೂ ಒಂದೇ ವಾರದಲ್ಲಿ ಕೈ ಕಟ್ಟಿ ಕೂತರು. ಅಕ್ರಮ ಗಣಿಗಾರಿಕೆಯನ್ನು ನಿಲ್ಲಿಸಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಊರುಗಳ ಸುತ್ತ ನೀರಿರಲಿಲ್ಲ ಎನ್ನುವುದನ್ನು ಬಿಟ್ಟರೆ ಅವು ಅಪ್ಪಟ ದ್ವೀಪಗಳಾಗಿದ್ದವು. ಇರುವುದೊಂದೇ ಕಸುಬು, ಅದರ ಕೀಲಿಕೈಯೂ ಬೇರೆಯವರ ಹತ್ತಿರ. ನಿಮ್ಮ ಗಡ್ಡೆಗೆ ನೀರೂ ಇತ್ತು, ಆ ಕೀಲಿಕೈಯೂ ಹೊರಗಿತ್ತು.

ನೀವು ಕೇಳಿದ ಎರಡು ಕಷ್ಟಗಳೂ ಒಂದಕ್ಕೊಂದು ಗಂಟು ಬಿದ್ದಿರುವ ಜಾಗ ನೋಡಬೇಕೆಂದರೆ ಶಾಂತಸಾಗರದ ನೌರು ನೋಡಿ. ಅದೊಂದು ಸ್ವತಂತ್ರ ದೇಶ, ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಇಪ್ಪತ್ತನೇ ಶತಮಾನದ ಮೊದಲ ದಶಕದಿಂದ ಅಲ್ಲಿ ಫಾಸ್ಫೇಟ್ ಅಗೆದರು. ನೀವು ಭತ್ತಕ್ಕೆ ಹಾಕುವ ಡಿಎಪಿಯ ರಂಜಕ ಬರುವುದು ಇಂಥ ಕಲ್ಲಿನಿಂದಲೇ. ಆ ಕಲ್ಲು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಹೋಯಿತು. 1968ರಲ್ಲಿ ನೌರು ಸ್ವತಂತ್ರವಾದ ಮೇಲೆ ಗಣಿ ಅವರ ಕೈಗೇ ಬಂತು. ಕೆಲವು ವರ್ಷ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ದೇಶ ಅದು. ಮುಂದಿನ ಪೀಳಿಗೆಗೆಂದು ನಿಧಿ ಕಟ್ಟಿದರು, ಆ ನಿಧಿಯಿಂದ ಮೆಲ್ಬರ್ನ್‌ನಲ್ಲಿ ಗಗನಚುಂಬಿ ಕಟ್ಟಡ ಎಬ್ಬಿಸಿದರು, ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೂ ದುಡ್ಡು ಹಾಕಿ ಕಳೆದುಕೊಂಡರು. ಕಲ್ಲು ಮುಗಿಯುತ್ತ ಬಂದ ಹಾಗೆ ನಿಧಿಯೂ ಕರಗಿತು. 2004ರಲ್ಲಿ ಮೆಲ್ಬರ್ನ್ ಕಟ್ಟಡವನ್ನೂ ಮಾರಬೇಕಾಯಿತು.

ದುಡ್ಡು ಹೋದದ್ದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನೌರುವಿನ ಜನ ವಾಸ ಮಾಡುವುದು ದಡದ ಸುತ್ತ ಇರುವ ತೆಳುವಾದ ಬಳೆಯಂಥ ತಗ್ಗು ನೆಲದಲ್ಲಿ. ಸಮುದ್ರ ಏರುತ್ತಿರುವುದರಿಂದ ಅವರು ನಡುವಿನ ಎತ್ತರದ ನೆಲಕ್ಕೆ ಹೋಗಬೇಕು. ಆ ಎತ್ತರದ ನೆಲವೇ ಗಣಿ. ಫಾಸ್ಫೇಟ್ ತೆಗೆದ ಮೇಲೆ ಅಲ್ಲಿ ಉಳಿದಿರುವುದು ಆಳೆತ್ತರದ ಸುಣ್ಣಕಲ್ಲಿನ ಮೊನೆಗಳು. ಮನೆಯೂ ನಿಲ್ಲದು, ಮಣ್ಣೂ ಇಲ್ಲ. ನೆಲ ಹಾಳು ಮಾಡಿದ್ದಕ್ಕೆ ನೌರು 1989ರಲ್ಲಿ ಆಸ್ಟ್ರೇಲಿಯಾದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿಯಾಯಿತು. ಈಗ ಆ ಮೊನೆಗಳನ್ನು ಸಮ ಮಾಡಿ ಜನರನ್ನು ಮೇಲಕ್ಕೆ ಕರೆದೊಯ್ಯುವ ಯೋಜನೆ ಹಾಕಿಕೊಂಡಿದ್ದಾರೆ. ಹೊಳೆ ಬಂದಾಗ ಓಡಿ ಹತ್ತಬೇಕಾದ ಗುಡ್ಡವನ್ನೇ ಮಾರಿಕೊಂಡಿದ್ದರು ಎಂದಿಟ್ಟುಕೊಳ್ಳಿ. ನಿಮ್ಮ ಹೊಲ ಮತ್ತೆ ಭತ್ತ ಬೆಳೆಯುವ ಹಾಗಿದೆ ಎಂದಿರಿ. ಆ ದೃಷ್ಟಿಯಲ್ಲಿ ನೀವು ನೌರುವಿಗಿಂತ ಪುಣ್ಯವಂತರು.

ಜಪಾನಿನ ಹಶಿಮಾದ ಕಥೆ ಇನ್ನೂ ಚಿಕ್ಕದು. ಆರೂ ಕಾಲು ಹೆಕ್ಟೇರಿನ ಕಲ್ಲಿದ್ದಲಿನ ದ್ವೀಪ, 1959ರಲ್ಲಿ ಅಲ್ಲಿ 5,259 ಜನ ಇದ್ದರು. ಗಣಿ, ಮನೆ, ದ್ವೀಪ ಎಲ್ಲವೂ ಒಂದೇ ಕಂಪನಿಯದು. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ ಹೊತ್ತಿಗೆ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ. ಇರಬೇಕೋ ಬಿಡಬೇಕೋ ಎಂಬ ಚರ್ಚೆಗೆ ಅಲ್ಲಿ ಆಸ್ಪದವೇ ಇರಲಿಲ್ಲ. ಯಾರ ಹೆಸರಲ್ಲೂ ಒಂದು ಗುಂಟೆ ಇರಲಿಲ್ಲವಲ್ಲ.

ಈಗ ನನಗೆ ಬಹಳ ಇಷ್ಟವಾದ ಊರಿನ ಮಾತಿಗೆ ಬರುತ್ತೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಉತ್ತರಕ್ಕೆ ಫೋಗೋ ಎಂಬ ದ್ವೀಪವಿದೆ. ಕಾಡ್ ಮೀನು ಹಿಡಿಯುವುದೊಂದೇ ಅಲ್ಲಿಯ ಕಸುಬಾಗಿತ್ತು. 1960ರ ದಶಕದಲ್ಲಿ ಸರ್ಕಾರ ಇಂಥ ಸಣ್ಣ ಸಣ್ಣ ಹಳ್ಳಿಗಳನ್ನು ಖಾಲಿ ಮಾಡಿಸಿ ದೊಡ್ಡ ಊರುಗಳಿಗೆ ಸೇರಿಸುತ್ತಿತ್ತು. ಫೋಗೋ ದ್ವೀಪದಲ್ಲಿ ಹತ್ತು ಹಳ್ಳಿಗಳಿದ್ದವು. ಒಂದು ಹಳ್ಳಿಯದು ಒಂದು ಚರ್ಚ್ ಆದರೆ ಇನ್ನೊಂದರದು ಇನ್ನೊಂದು, ಒಬ್ಬರ ಮುಖ ಒಬ್ಬರಿಗೆ ಆಗದು. ನಮ್ಮಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಇದ್ದ ಹಾಗೆ. 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ ಎಂಬಾತ ಅಲ್ಲಿಗೆ ಕ್ಯಾಮೆರಾ ಹಿಡಿದು ಹೋದ. ಒಂದು ಹಳ್ಳಿಯ ಮೀನುಗಾರ ತನ್ನ ಕಷ್ಟ ಹೇಳಿಕೊಳ್ಳುವುದನ್ನು ಚಿತ್ರಿಸಿ ಪಕ್ಕದ ಹಳ್ಳಿಯಲ್ಲಿ ತೋರಿಸಿದ. ಎದುರೆದುರು ಕೂತು ಮಾತಾಡದವರು ಪರದೆಯ ಮೇಲೆ ನೋಡಿದರು, 'ಅರೆ, ಇವನದೂ ನಮ್ಮದೇ ಗೋಳು' ಎಂದು ಗೊತ್ತಾಯಿತು. ಆ ಚಿತ್ರಗಳನ್ನು ಸರ್ಕಾರದವರಿಗೂ ತೋರಿಸಲಾಯಿತು. ದ್ವೀಪದವರು ಊರು ಬಿಡಲಿಲ್ಲ. ಸಹಕಾರ ಸಂಘ ಕಟ್ಟಿಕೊಂಡು ತಾವೇ ದೋಣಿ ಕಟ್ಟಿದರು, ಮೀನು ಸಂಸ್ಕರಣೆಯ ಘಟಕಗಳನ್ನೂ ತಾವೇ ನಡೆಸಿದರು.

ಅಸಲಿ ಪರೀಕ್ಷೆ ಬಂದದ್ದು ಕಾಲು ಶತಮಾನದ ನಂತರ. ದೊಡ್ಡ ಟ್ರಾಲರ್‌ಗಳು ಸಮುದ್ರ ಬಳಿದು ಹಾಕಿದ್ದರಿಂದ ಕಾಡ್ ಮೀನು ನಿರ್ನಾಮವಾಗುವ ಹಂತಕ್ಕೆ ಬಂದು, 1992ರ ಜುಲೈ 2ರಂದು ಕೆನಡಾ ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. ಆ ಪ್ರಾಂತ್ಯದಲ್ಲಿ ಸುಮಾರು 30,000 ಜನರ ಕೆಲಸ ಹೋಯಿತು. ಫೋಗೋ ದ್ವೀಪದಿಂದಲೂ ಎಷ್ಟೋ ಮಂದಿ ಗುಳೆ ಹೋದರು. ಆದರೆ ಸಂಘ ಮುಳುಗಲಿಲ್ಲ, ಏಡಿಗೆ ಹೊರಳಿತು, ಸೀಗಡಿಗೆ ಹೊರಳಿತು. ಒಡೆಯರು ಬೇರೆ ಊರಿನವರಾಗಿದ್ದರೆ ಬೀಗ ಹಾಕಿ ಹೋಗುತ್ತಿದ್ದರು. ಇಲ್ಲಿ ಬೀಗ ಹಾಕಬೇಕಾದವರು ಅದೇ ಕಾರ್ಖಾನೆಯಲ್ಲಿ ದುಡಿಯುವವರೇ ಆಗಿದ್ದರು.

ಆಮೇಲೆ ಅಲ್ಲಿಗೂ ಪ್ರವಾಸೋದ್ಯಮ ಬಂತು. ಈ ಭಾಗವನ್ನು ನೀವು ಎರಡು ಸಲ ಓದಬೇಕು. ಅದೇ ದ್ವೀಪದಲ್ಲಿ ಹುಟ್ಟಿ, ಹೊರಗೆ ದೊಡ್ಡ ಕಂಪನಿಯಲ್ಲಿ ದುಡಿದು ಹಣ ಮಾಡಿದ ಜೀಟಾ ಕಾಬ್ ಎಂಬಾಕೆ ತನ್ನ ಸೋದರರೊಂದಿಗೆ ಸೇರಿ ಶೋರ್‌ಫಾಸ್ಟ್ ಎಂಬ ದತ್ತಿ ಸಂಸ್ಥೆ ಕಟ್ಟಿದರು. 2013ರಲ್ಲಿ ಅದರಡಿ ಒಂದು ಅತಿಥಿಗೃಹ ತೆರೆಯಿತು. ಅದಕ್ಕಿರುವುದು 29 ಕೋಣೆ ಮಾತ್ರ. ಒಳಗಿನ ಕೌದಿ, ಕುರ್ಚಿ ದ್ವೀಪದವರದೇ ಕೈಕೆಲಸ. ಲಾಭ ಯಾರ ಜೇಬಿಗೂ ಹೋಗುವುದಿಲ್ಲ, ಊರಿಗೇ ಮರಳುತ್ತದೆ. ಬಂದವರು ಕೊಟ್ಟ ಹಣದಲ್ಲಿ ಎಷ್ಟು ಪಾಲು ದ್ವೀಪದಲ್ಲೇ ಉಳಿಯಿತು ಎನ್ನುವುದನ್ನು ಪೊಟ್ಟಣದ ಮೇಲೆ ಪೋಷಕಾಂಶ ಬರೆದ ಹಾಗೆ ಬರೆದು ತೋರಿಸುತ್ತಾರೆ. ಬೆಲೆ ಮಾತ್ರ ನನ್ನ ನಿಮ್ಮಂಥವರಿಗೆ ಎಟುಕುವುದಲ್ಲ, ಅದು ಬೇರೆ ಮಾತು.

ನಿಮ್ಮ ಗಡ್ಡೆಯಲ್ಲೂ ದುಡ್ಡು ಹರಿದಿತ್ತು. ಆದರೆ ಲೀಸಿನ ಹಣ, ಅಡಿಗೆಮನೆಯ ಸಂಬಳ, ಗಾಡಿ ಬಾಡಿಗೆ ಬಿಟ್ಟರೆ ಉಳಿದದ್ದರಲ್ಲಿ ಎಷ್ಟು ನಿಮ್ಮೂರಲ್ಲಿ ನಿಂತಿತು? ನೀವೇ ಲೆಕ್ಕ ಹಾಕಿ. ನಿಮ್ಮ ಗಡ್ಡೆ ಸೇರಿರುವ ಹಂಪಿ ವಿಶ್ವ ಪರಂಪರೆ ಪ್ರದೇಶಕ್ಕೆ 2002ರಿಂದ ಕಾನೂನಿದೆ, ಪ್ರಾಧಿಕಾರವಿದೆ. ಅಕ್ರಮ ಕಟ್ಟಡ ತೆರವಿಗೆ ಹೈಕೋರ್ಟ್ ಹೇಳಿದ್ದು 2015ರಲ್ಲಿ, ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2020ರ ಫೆಬ್ರವರಿಯಲ್ಲಿ, ಕೆಡವಿದ್ದು ಮಾರ್ಚ್‌ನಲ್ಲಿ. ನಡುವೆ ಐದು ವರ್ಷ ಕೈಯಲ್ಲಿತ್ತು. ಇದನ್ನು ಬೈಯುವುದಕ್ಕೆ ಹೇಳುತ್ತಿಲ್ಲ, ಬಳ್ಳಾರಿಯಲ್ಲಿ ನಾವೂ ಹಾಗೇ ಕೂತಿದ್ದೆವು.

ಡೆನ್ಮಾರ್ಕಿನ ಸಾಮ್ಸೋ ದ್ವೀಪದವರು ಕೂರಲಿಲ್ಲ. ಸುಮಾರು ನಾಲ್ಕು ಸಾವಿರ ಜನ, ಬಟಾಟೆ ಬೆಳೆ, ಹಂದಿಮಾಂಸದ ಒಂದು ಕಾರ್ಖಾನೆ. ಆ ಕಾರ್ಖಾನೆ ಮುಚ್ಚುವ ಕಾಲಕ್ಕೇ, 1997ರಲ್ಲಿ, ಸರ್ಕಾರ ಇಟ್ಟ ಸ್ಪರ್ಧೆಯೊಂದನ್ನು ಗೆದ್ದರು. ಹತ್ತು ವರ್ಷದಲ್ಲಿ ಇಡೀ ದ್ವೀಪ ಗಾಳಿ, ಬಿಸಿಲು, ಹುಲ್ಲಿನ ಶಕ್ತಿಯ ಮೇಲೆ ನಡೆಯಬೇಕು ಎನ್ನುವುದು ಪಣ. ಬಹುಮಾನದಲ್ಲಿ ದುಡ್ಡು ಇರಲಿಲ್ಲ. ಸೋರೆನ್ ಹೆರ್ಮಾನ್ಸೆನ್ ಎಂಬ ರೈತನ ಮಗ, ಮೇಷ್ಟ್ರು, ಮನೆಮನೆಗೆ ಕಾಫಿ ಕುಡಿಯಲು ಹೋಗಿ ಹೋಗಿ ಜನರನ್ನು ಒಪ್ಪಿಸಿದ. ನೆಲದ ಮೇಲೆ 11, 2003ರ ಹೊತ್ತಿಗೆ ಸಮುದ್ರದಲ್ಲಿ 10 ಗಾಳಿಗಿರಣಿಗಳು ಎದ್ದವು. ಅವುಗಳಲ್ಲಿ ಕೆಲವು ರೈತರವು, ಕೆಲವು ಷೇರು ಹಾಕಿದ ಊರವರವು, ಕೆಲವು ಪುರಸಭೆಯವು. ಗೋಧಿ ಹುಲ್ಲು ಸುಟ್ಟು ಮನೆ ಬೆಚ್ಚಗಿಡುತ್ತಾರೆ. ಕೊಪ್ಪಳ, ಗದಗದ ಬಯಲಲ್ಲೂ ಗಾಳಿಗಿರಣಿಗಳು ನಿಂತಿವೆ, ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ. ಅವುಗಳಲ್ಲಿ ನಮ್ಮ ಊರಿನ ಷೇರು ಎಷ್ಟಿದೆ ಎಂದು ನಾನು ಆಗಾಗ ಯೋಚಿಸುವುದುಂಟು. ಸ್ಕಾಟ್‌ಲ್ಯಾಂಡಿನ ಎಗ್ ದ್ವೀಪದವರಂತೂ 1997ರಲ್ಲಿ ಚಂದಾ ಎತ್ತಿ ಜಮೀನ್ದಾರನಿಂದ ದ್ವೀಪವನ್ನೇ ಕೊಂಡುಕೊಂಡರು. 2008ರಿಂದ ಅವರದೇ ವಿದ್ಯುತ್ ಇದೆ. ಒಂದು ಮನೆಗೆ ಒಮ್ಮೆಗೆ ಐದು ಕಿಲೋವ್ಯಾಟ್ ಮೀರುವಂತಿಲ್ಲ ಎಂದು ತಾವೇ ಕಟ್ಟು ಹಾಕಿಕೊಂಡಿದ್ದಾರೆ.

ಇನ್ನು ನೀರಿನ ವಿಷಯ. ಸಮುದ್ರದ ದ್ವೀಪಕ್ಕೂ ಹೊಳೆಯ ಗಡ್ಡೆಗೂ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಸಮುದ್ರ ಸ್ವಲ್ಪ ಸ್ವಲ್ಪವೇ ಏರುತ್ತದೆ, ಏರಿದ್ದು ಇಳಿಯುವುದಿಲ್ಲ. ಹೊಳೆ ನಾಲ್ಕು ದಿನ ಏರುತ್ತದೆ, ಇಳಿಯುತ್ತದೆ. ಆದರೆ ಒಂದು ರಾತ್ರಿಯಲ್ಲಿ ಏರಬಲ್ಲದು. ತುಂಗಭದ್ರೆಯ ನೀರು ಬೀಳುವುದು ನಿಮ್ಮ ತಲೆಯ ಮೇಲಲ್ಲ, ಮಲೆನಾಡಿನ ಘಟ್ಟಗಳಲ್ಲಿ. ಗಂಗಾವತಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಗಡ್ಡೆ ಮುಳುಗಬಹುದು. 2019ರ ಆಗಸ್ಟ್‌ನಲ್ಲಿ ನೂರಾರು ಪ್ರವಾಸಿಗರು ನಿಮ್ಮಲ್ಲಿ ಸಿಕ್ಕಿಬಿದ್ದು, ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ಹೊರತೆಗೆದದ್ದು ನಿಮಗೇ ಚೆನ್ನಾಗಿ ಗೊತ್ತು. ಗಾಳಿ ಬೆಚ್ಚಗಾದಷ್ಟೂ ಹೆಚ್ಚು ನೀರಿನಂಶ ಹಿಡಿಯುತ್ತದೆ, ಆದ್ದರಿಂದ ಮಳೆ ಸುರಿದರೆ ಒಂದೇ ಸಮ ಸುರಿಯುವ ಸಂಭವ ಹೆಚ್ಚು, ನಡುವೆ ಒಣ ದಿನಗಳೂ ಹೆಚ್ಚು. ಅತ್ತ ಅಣೆಕಟ್ಟೆಯಲ್ಲಿ ಹೂಳು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದ ಲೆಕ್ಕ ಈಗ 105.788 ಟಿಎಂಸಿಗೆ ಇಳಿದಿದೆ. ಒಮ್ಮೆಲೇ ಬಂದ ನೀರು ತಡೆದಿಡಲು ಅಷ್ಟು ಜಾಗ ಕಡಿಮೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಹೊಳೆಯ ದಂಡೆಯವರು ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ.

ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ನಡುಗಡ್ಡೆಯವರದೂ ಇದೇ ಪಾಡು. ನಾರಾಯಣಪುರದಿಂದ ನೀರು ಬಿಟ್ಟರೆ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯವರು ಆಚೆ, ಈಚೆಯವರು ಈಚೆ. ಕುರ್ವಕಲಾ, ಕುರ್ವಕುರ್ದಾ ಕಡೆಯವರಿಗೆ ತೆಪ್ಪವೇ ಗತಿ.

ನೀರಿಗೆ ಹೆದರಿ ಊರು ಬಿಟ್ಟವರೂ ಇದ್ದಾರೆ. ಬಿಡುವುದರಲ್ಲೂ ಎರಡು ಬಗೆ. ಪನಾಮಾದ ಕರಾವಳಿಯಲ್ಲಿ ಗಾರ್ಡಿ ಸುಗ್ದುಬ್ ಎಂಬ ಪುಟ್ಟ ದ್ವೀಪದಲ್ಲಿ ಗುನಾ ಬುಡಕಟ್ಟಿನವರು ಇಕ್ಕಟ್ಟಾಗಿ ಬದುಕಿದ್ದರು. ಅವರ ಹೊಲಗಳು ಮೊದಲಿಂದಲೂ ಎದುರಿನ ದಡದಲ್ಲಿದ್ದವು. 2010ರ ಹೊತ್ತಿಗೆ ಅವರೇ ಸೇರಿ ದಡದಲ್ಲಿ ಜಾಗ ಗುರುತಿಸಿ ಕಾಡು ಸವರಿದರು. ಸರ್ಕಾರ ವರ್ಷಗಟ್ಟಲೆ ಎಳೆಯಿತು. ಕೊನೆಗೆ 2024ರ ಜೂನ್‌ನಲ್ಲಿ ಸುಮಾರು 300 ಕುಟುಂಬಗಳಿಗೆ ಮನೆ ಸಿಕ್ಕವು. ಬಾರದೆ ದ್ವೀಪದಲ್ಲೇ ಉಳಿದ ಮನೆಗಳೂ ಇವೆ, ಅವರನ್ನು ಯಾರೂ ಎಳೆದು ತರಲಿಲ್ಲ.

ಅಮೆರಿಕದ ಲೂಸಿಯಾನಾದ ಐಲ್ ಡಿ ಜೀನ್ ಚಾರ್ಲ್ಸ್ ಎಂಬಲ್ಲಿ ಮಾತು ಬೇರೆ. ತೈಲ ಕಂಪನಿಗಳು ಜೌಗಿನಲ್ಲಿ ಕಾಲುವೆ ತೋಡಿದವು, ಹೊಳೆಗೆ ಒಡ್ಡು ಕಟ್ಟಿ ಹೊಸ ಮಣ್ಣು ಬರದಂತಾಯಿತು, ಚಂಡಮಾರುತಗಳು ಬಡಿದವು. 1955ರಿಂದೀಚೆಗೆ ನೆಲದಲ್ಲಿ ನೂರಕ್ಕೆ 98 ಭಾಗ ಹೋಯಿತು. ಸರ್ಕಾರ 4.83 ಕೋಟಿ ಡಾಲರ್ ಕೊಟ್ಟಿತು, 2022ರಲ್ಲಿ ಹೊಸ ಊರಿಗೆ ಜನ ಹೋದರು. ಆದರೆ ಊರು ಯಾರ ಯೋಜನೆಯಂತೆ ಕಟ್ಟಬೇಕು ಎಂಬುದರಲ್ಲಿ ಅಲ್ಲಿಯ ಬುಡಕಟ್ಟಿಗೂ ಸರ್ಕಾರಕ್ಕೂ ಮನಸ್ತಾಪ ಬಂದು, ಮನೆ ಸಿಕ್ಕರೂ ಸಮಾಧಾನ ಸಿಗಲಿಲ್ಲ.

ನಿಮಗೆ ಹೆಚ್ಚು ಹತ್ತಿರದ ಪಾಠ ಬಾಂಗ್ಲಾದೇಶದ ನದಿಗಳ ನಡುವಿನ ಮರಳು ದಿಬ್ಬಗಳಲ್ಲಿದೆ. ಅವನ್ನು ಅಲ್ಲಿ ಚರ್ ಎನ್ನುತ್ತಾರೆ. ಪ್ರತಿ ಮಳೆಗಾಲ ನೀರು ಬರುತ್ತದೆ ಎಂದು ಒಪ್ಪಿಕೊಂಡೇ ಬದುಕುವ ಜನ. 2004ರಿಂದ 2016ರವರೆಗೆ ನಡೆದ ಒಂದು ಯೋಜನೆಯಲ್ಲಿ ಮಾಡಿದ ಮುಖ್ಯ ಕೆಲಸ ಬಹಳ ಸಾದಾ. ಊರವರು ಕಂಡ ಅತಿ ದೊಡ್ಡ ನೆರೆಯ ಗುರುತಿಗಿಂತ ಎರಡು ಅಡಿ ಮೇಲಕ್ಕೆ ಮಣ್ಣು ಹಾಕಿ ಕಟ್ಟೆ ಎತ್ತರಿಸಿ, ಅದರ ಮೇಲೆ ಮನೆ, ದನ, ಕಾಳು ಇಟ್ಟರು. ಅಸ್ಸಾಮಿನ ಮಾಜುಲಿಯಲ್ಲಿ ಮಿಸಿಂಗ್ ಜನ ಕಂಬಗಳ ಮೇಲೆ ಮನೆ ಕಟ್ಟುವುದು ಇನ್ನೂ ಹಳೆಯ ಉಪಾಯ. ಬ್ರಹ್ಮಪುತ್ರೆ ಆ ದ್ವೀಪವನ್ನು ತಿನ್ನುತ್ತಲೇ ಇದೆ, ಜನ ಮುಖವಾಡ ಮಾಡುತ್ತಲೇ ಇದ್ದಾರೆ. 2024ರಲ್ಲಿ ಆ ಮುಖವಾಡಗಳಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ಕಾಗದ ನೋಡಿ. ಪಹಣಿ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ, ಬೆಂಗಳೂರಿನ ತಮ್ಮನ ಹೆಸರೂ ಬರಲಿ. ಅವನ ಹೆಸರು ಅದರಲ್ಲಿದ್ದರೆ 'ಮಾರಿಬಿಡಿ' ಎನ್ನುವ ದನಿ ತಾನೇ ಸ್ವಲ್ಪ ಇಳಿಯುತ್ತದೆ, ಇದು ನಾನು ಹತ್ತಾರು ಮನೆಗಳಲ್ಲಿ ಕಂಡದ್ದು. ಮುಂದೆ ಯಾರಾದರೂ ಲೀಸಿಗೆ ಕೇಳಿದರೆ ಪ್ರಾಧಿಕಾರದ ಅನುಮತಿ ಪತ್ರವನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ಒಂದು ಗೂಟ ನೆಡಲೂ ಬಿಡಬೇಡಿ.

ಕಸುಬನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಈಗ ಅಂಜನಾದ್ರಿಗೆ ಭಕ್ತರು ಸಾಲುಗಟ್ಟಿ ಬರುತ್ತಿದ್ದಾರೆ, ಎಲ್ಲರ ಕಣ್ಣೂ ಆ ಕಡೆ ಇದೆ. ನಾಲ್ಕು ದುಡ್ಡು ಸಿಗುವುದಾದರೆ ದುಡಿಯಿರಿ, ಆದರೆ ಅದಕ್ಕೆಂದು ಸಾಲ ಮಾಡಿ ಗಾಡಿ ಕೊಳ್ಳಬೇಡಿ. ಭತ್ತ ಇರಲಿ, ಎರಡು ಎಮ್ಮೆ ಇರಲಿ. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್‌ನವರು 1990ರ ದಶಕದಿಂದ ಬಾಳೆನಾರಿನ ಬುಟ್ಟಿ, ಚೀಲ ಹೆಣೆಯುವುದನ್ನು ಹೆಣ್ಣುಮಕ್ಕಳಿಗೆ ಕಲಿಸಿದ್ದಾರೆ. ಬಾಳೆ ನಿಮ್ಮ ಸುತ್ತಲೇ ಬೆಳೆಯುತ್ತದೆ, ದಿಂಡು ಬಿಸಾಡುವ ವಸ್ತು. ಮನೆಯ ಹೆಣ್ಣುಮಕ್ಕಳು ಯಾರಾದರೂ ಹೋಗಿ ನೋಡಿ ಬರಲಿ. ಇವು ಯಾವುವೂ ರೆಸಾರ್ಟ್ ಕಾಲದ ದುಡ್ಡು ತರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ನಿಂತ ದಿನ ಉಳಿದವು ನಡೆಯುತ್ತವೆ.

ಹೊಳೆಗೆ ಸಂಬಂಧಿಸಿ ಒಂದು ಕೆಲಸ ನೀವೊಬ್ಬರೇ ಮಾಡಲು ಬಾರದು, ನಾಲ್ಕು ಮನೆ ಸೇರಬೇಕು. ಮಳೆಗಾಲದ ನಾಲ್ಕು ತಿಂಗಳು ಜಲಾಶಯದ ಒಳಹರಿವು, ಹೊರಹರಿವು ಎಷ್ಟು ಕ್ಯುಸೆಕ್ ಎಂದು ದಿನಾ ನೋಡುವ ಕೆಲಸ ಒಬ್ಬ ಹುಡುಗನಿಗೆ ವಹಿಸಿ. ಎಷ್ಟು ಬಿಟ್ಟಾಗ ಯಾವ ಬದುವಿಗೆ ನೀರು ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಎರಡು ವರ್ಷ ಬರೆದರೆ ಸಾಕು, ಆಮೇಲೆ ಅಂಕಿ ಕೇಳಿದ ಕೂಡಲೇ ದನ ಹೊಡೆಯಬೇಕಾ, ಕಾಯಬೇಕಾ ಎಂದು ನಿಮಗೇ ತಿಳಿಯುತ್ತದೆ. ಆ ನೋಟ್‌ಬುಕ್ಕನ್ನು ಗ್ರಾಮಸಭೆಗೂ ಒಯ್ಯಿರಿ. ಬರಿಗೈಯಲ್ಲಿ ಹೋದವರಿಗಿಂತ ಅಂಕಿ ಹಿಡಿದು ಹೋದವರ ಅರ್ಜಿಯನ್ನು ಅಧಿಕಾರಿಗಳು ಸ್ವಲ್ಪವಾದರೂ ಓದುತ್ತಾರೆ.

ಹೊಲದಲ್ಲಿ ಸಿಗುತ್ತಿರುವ ಬುನಾದಿ ಕಲ್ಲುಗಳನ್ನು ಹೊಳೆಗೆ ಎಸೆಯಬೇಡಿ. ಒಂದು ಕಡೆ ಕೂಡಿಡಿ. 2019ರ ನೀರು ಮನೆಯ ಗೋಡೆಗೆ ಎಲ್ಲಿಯವರೆಗೆ ಬಂದಿತ್ತು ಎಂದು ಅವ್ವನನ್ನು ಕೇಳಿ, ಅಲ್ಲೊಂದು ಗೆರೆ ಎಳೆಯಿರಿ. ಗೆರೆಗಿಂತ ಎರಡು ಅಡಿ ಎತ್ತರಕ್ಕೆ ದನದ ಕೊಟ್ಟಿಗೆಗೆ ಒಂದು ಕಟ್ಟೆ ಬೇಕು ಎಂದು ಪಂಚಾಯಿತಿಗೂ ಪ್ರಾಧಿಕಾರಕ್ಕೂ ಅರ್ಜಿ ಕೊಡಿ. ಅಲ್ಲಿ ಮಣ್ಣು ಅಗೆಯುವುದಕ್ಕೂ ಕೇಳಿಯೇ ಅಗೆಯುವುದು ಕ್ಷೇಮ. ಒಪ್ಪಿಗೆ ಬಂದ ಮೇಲೆ ಆ ಕಲ್ಲುಗಳನ್ನೇ ಅಡಿಗೆ ಹಾಕಿ. ತಮ್ಮ ಯುಗಾದಿಗೆ ಊರಿಗೆ ಬಂದಾಗ ನಾಲ್ಕು ದಿನ ರಜೆ ಹೆಚ್ಚು ಹಾಕಿ ಬರಲು ಹೇಳಿ, ಕಲ್ಲು ಹೊರಲು ಇಬ್ಬರು ಬೇಕಾಗುತ್ತದೆ.